ಕ್ರಿಸ್ಟೋಫರ್ ಕೋಕ್ ಹಸ್ತಾಂತರ ವಿವಾದ

ಕ್ರಿಸ್ಟೋಫರ್ ಕೋಕ್ ಹಸ್ತಾಂತರ ವಿವಾದವು 2009-10ರಲ್ಲಿ ಜಮೈಕಾದಲ್ಲಿ ತಲೆದೋರಿದ ರಾಜಕೀಯ ಹಾಗೂ ಭದ್ರತಾ ಬಿಕ್ಕಟ್ಟು. ಮಾದಕವಸ್ತು ಮತ್ತು ಶಸ್ತ್ರಾಸ್ತ್ರ ಕಳ್ಳಸಾಗಣೆಯ ಆರೋಪಿಯಾಗಿದ್ದ ಕೋಕ್‌ನನ್ನು ತನಗೊಪ್ಪಿಸುವಂತೆ ಅಮೆರಿಕವು 2009ರ ಆಗಸ್ಟ್‌ನಲ್ಲಿ ಕೋರಿತು. ದೂರವಾಣಿ ಕದ್ದಾಲಿಕೆಯ ಸಾಕ್ಷ್ಯವನ್ನು ಜಮೈಕಾದ ಕಾನೂನಿಗೆ ವಿರುದ್ಧವಾಗಿ ಪಡೆಯಲಾಗಿದೆ ಎಂಬ ಕಾರಣ ನೀಡಿ ಪ್ರಧಾನಿ ಬ್ರೂಸ್ ಗೋಲ್ಡಿಂಗ್ ಅವರ ಸರ್ಕಾರವು ಸುಮಾರು ಒಂಬತ್ತು ತಿಂಗಳು ಸಮ್ಮತಿ ನೀಡಲಿಲ್ಲ. ಕೋಕ್‌ನ ಹಿಡಿತದಲ್ಲಿದ್ದ ಕಿಂಗ್‌ಸ್ಟನ್ ನಗರದ ಟಿವೋಲಿ ಗಾರ್ಡನ್ಸ್ ಬಡಾವಣೆಯು ಗೋಲ್ಡಿಂಗ್ ಅವರದೇ ಮತಕ್ಷೇತ್ರದಲ್ಲಿದ್ದುದರಿಂದ ಈ ವಾದವು ಸಂಶಯಕ್ಕೆ ಗುರಿಯಾಯಿತು. 2010ರ ಮೇ 17ರಂದು ಸಮ್ಮತಿಯ ನಿರ್ಧಾರವು ಬಹಿರಂಗವಾಗಿ ಪ್ರಕಟವಾಯಿತು. ಭದ್ರತಾ ಪಡೆಗಳು ಬಡಾವಣೆಯನ್ನು ಪ್ರವೇಶಿಸಿದ್ದು ಮೇ 24ರಂದು. ನಡುವಿನ ವಾರದಲ್ಲಿ ಕೋಕ್‌ನ ಬೆಂಬಲಿಗರು ರಸ್ತೆಗಳಿಗೆ ತಡೆಗೋಡೆಗಳನ್ನು ಒಡ್ಡಿ ಪ್ರತಿರೋಧಕ್ಕೆ ಸಜ್ಜಾದರು. ಕಾರ್ಯಾಚರಣೆಯಲ್ಲಿ ಸುಮಾರು 70 ನಾಗರಿಕರು ಮೃತಪಟ್ಟರೂ ಕೋಕ್ ಅಲ್ಲಿ ಸಿಗಲಿಲ್ಲ. ಜೂನ್ 22ರಂದು ಬೇರೆಡೆ ಬಂಧಿತನಾದನು.