ಹಲ್ಲು ಹೋದವರಿಗೆ ದಂತಭಾಗ್ಯ, ಇರುವ ಹಲ್ಲಿಗೆ ಯಾವ ಭಾಗ್ಯ?

‘ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ’ ಎಂಬ ಗಾದೆಯನ್ನು ರಾಜ್ಯದ ದಂತಾರೋಗ್ಯ ನೀತಿಗೆ ಅನ್ವಯಿಸಿದರೆ ತಪ್ಪಾಗಲಾರದು. ಕರ್ನಾಟಕ ಸರ್ಕಾರ 2014-15ನೇ ಸಾಲಿನಲ್ಲಿ ‘ದಂತಭಾಗ್ಯ’ ಯೋಜನೆಯನ್ನು ಜಾರಿಗೆ ತಂದಿತು. ಬಡತನ ರೇಖೆಗಿಂತ ಕೆಳಗಿರುವ, ಹಲ್ಲು ಕಳೆದುಕೊಂಡ ಹಿರಿಯರಿಗೆ ದಂತವೈದ್ಯ ಕಾಲೇಜುಗಳ ಮೂಲಕ ಉಚಿತವಾಗಿ ಹಲ್ಲಿನ ಸೆಟ್ ಒದಗಿಸುವ ಈ ಯೋಜನೆಯ ಆಶಯ ಮೆಚ್ಚತಕ್ಕದ್ದೇ. ಆದರೆ ಅದೇ ಹಿರಿಯರು ತಮ್ಮ ಮೂವತ್ತು-ನಲವತ್ತರ ವಯಸ್ಸಿನಲ್ಲಿ ಒಂದೊಂದಾಗಿ ಹಲ್ಲು ಕೀಳಿಸಿಕೊಳ್ಳುತ್ತಿದ್ದಾಗ, ಆ ಹಲ್ಲನ್ನು ಉಳಿಸಿಕೊಡಲು ಅಂಥದೊಂದು ‘ಭಾಗ್ಯ’ ಇರಲಿಲ್ಲ. ಹಲ್ಲು ಹೋದ ಮೇಲೆ ನೆರವು, ಹೋಗುವಾಗ ಮೌನ ಎಂಬ ಈ ವೈರುಧ್ಯ ಈಗಲಾದರೂ ಚರ್ಚೆಗೆ ಬರಬೇಕಾಗಿದೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ಸುಮಾರು 350 ಕೋಟಿ ಜನರಿಗೆ ಬಾಯಿಯ ಕಾಯಿಲೆಗಳಿವೆ. ಸುಮಾರು 200 ಕೋಟಿ ಜನರ ಶಾಶ್ವತ ಹಲ್ಲುಗಳಲ್ಲಿ, 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲುಗಳಲ್ಲಿ ಚಿಕಿತ್ಸೆ ಕಾಣದ ಹುಳುಕಿದೆ. 2030ರ ಹೊತ್ತಿಗೆ ವಿಶ್ವದ ಶೇ 80ರಷ್ಟು ಜನರಿಗೆ ಅತ್ಯಗತ್ಯ ದಂತಸೇವೆಯ ಹಕ್ಕು ದೊರೆಯಬೇಕೆಂಬುದು ಸಂಸ್ಥೆಯ ಗುರಿ. 2024ರ ನವೆಂಬರ್‌ನಲ್ಲಿ ಬ್ಯಾಂಕಾಕ್‌ನಲ್ಲಿ ನಡೆದ ಮೊದಲ ಜಾಗತಿಕ ಸಭೆಯೂ ಬಾಯಿಯ ಆರೋಗ್ಯವಿಲ್ಲದೆ ಆರೋಗ್ಯವಿಲ್ಲ ಎಂದು ಘೋಷಿಸಿತು. ಈ ಘೋಷಣೆ ನಮ್ಮ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರ ಕುರ್ಚಿಯವರೆಗೆ ತಲುಪುವುದೇ ಎಂಬುದು ಪ್ರಶ್ನೆ.

ನೋವು ನಿಂತರೆ ರೋಗ ನಿಂತಂತಲ್ಲ

ಸಿಹಿ ತಿನಿಸಿನ ಅಂಶವನ್ನು ಬಾಯಿಯ ಸೂಕ್ಷ್ಮಾಣುಗಳು ಆಮ್ಲವಾಗಿಸುತ್ತವೆ. ಆ ಆಮ್ಲ ಹಲ್ಲಿನ ಹೊರಕವಚವನ್ನು ಕರಗಿಸುವಾಗ ನೋವೇ ಇರುವುದಿಲ್ಲ. ಹುಳುಕು ಒಳಪದರಕ್ಕಿಳಿದಾಗ ತಣ್ಣೀರು, ಸಿಹಿ ತಾಗಿದರೆ ಜುಮ್ಮೆನ್ನುತ್ತದೆ. ನರ ಮತ್ತು ರಕ್ತನಾಳಗಳಿರುವ ತಿರುಳನ್ನು ಸೋಂಕು ಮುಟ್ಟಿದಾಗ ರಾತ್ರಿಯ ನಿದ್ದೆ ಹಾರಿಹೋಗುತ್ತದೆ. ಲವಂಗ, ಹೊಗೆಸೊಪ್ಪು, ಅಂಗಡಿಯ ನೋವಿನ ಮಾತ್ರೆಗಳ ಸರದಿ ಆರಂಭವಾಗುವುದು ಆಗಲೇ.

ಕೆಲವು ದಿನಗಳ ನಂತರ ನೋವು ತಾನಾಗಿಯೇ ಮಾಯವಾಗುವುದುಂಟು. ವಾಸಿಯಾಯಿತೆಂದು ರೋಗಿ ನೆಮ್ಮದಿಪಡುತ್ತಾನೆ. ವಾಸ್ತವದಲ್ಲಿ ಒಳಗಿನ ತಿರುಳು ಸತ್ತಿರುತ್ತದೆ. ಸೋಂಕು ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿದು ಕೀವು ಕಟ್ಟತೊಡಗುತ್ತದೆ. ಸತ್ತ ತಿರುಳಿಗೆ ರಕ್ತಸಂಚಾರವಿಲ್ಲದ ಕಾರಣ ನುಂಗಿದ ಆ್ಯಂಟಿಬಯಾಟಿಕ್ ಮಾತ್ರೆ ಅಲ್ಲಿಗೆ ತಲುಪುವುದೇ ಇಲ್ಲ. ಹಲ್ಲಿಗೇ ಚಿಕಿತ್ಸೆ ನೀಡುವ ಅವಕಾಶವಿರುವಾಗ ಆರೋಗ್ಯವಂತ ವಯಸ್ಕರ ಬಹುತೇಕ ಹಲ್ಲುನೋವುಗಳಿಗೆ ಆ್ಯಂಟಿಬಯಾಟಿಕ್ ಬೇಡವೆಂದು ಅಮೆರಿಕದ ದಂತವೈದ್ಯ ಸಂಘ 2019ರಲ್ಲೇ ಮಾರ್ಗಸೂಚಿ ನೀಡಿದೆ. ಮುಖ ಊದಿಕೊಂಡು ಜ್ವರ ಬಂದಾಗಿನ ಮಾತು ಬೇರೆ. ಕೆಳದವಡೆಯ ಸೋಂಕು ನಾಲಗೆಯಡಿಗೆ, ಕುತ್ತಿಗೆಗೆ ಹರಡಿದರೆ ಉಸಿರಾಟಕ್ಕೇ ಸಂಚಕಾರ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ ಈ ಅಪಾಯ ಇನ್ನೂ ಹೆಚ್ಚು.

ಈ ಹಂತದಲ್ಲಿ ಉಳಿಯುವ ದಾರಿಗಳು ಎರಡೇ: ಹಲ್ಲು ಕೀಳುವುದು ಅಥವಾ ರೂಟ್ ಕೆನಾಲ್ ಚಿಕಿತ್ಸೆ. ಎರಡನೆಯದರಲ್ಲಿ ಸೋಂಕಿತ ತಿರುಳನ್ನು ತೆಗೆದು, ಬೇರಿನ ನಾಳಗಳನ್ನು ಶುಚಿಗೊಳಿಸಿ, ರಬ್ಬರಿನಂಥ ವಸ್ತುವಿನಿಂದ ಮುಚ್ಚಲಾಗುತ್ತದೆ. ದವಡೆ ಹಲ್ಲಾದರೆ ಅದು ಸೀಳದಂತೆ ಮೇಲೊಂದು ಕ್ಯಾಪ್ ಕೂರಿಸಲಾಗುತ್ತದೆ. ಸರಿಯಾಗಿ ಮಾಡಿದ ಚಿಕಿತ್ಸೆಯಿಂದ ಹಲ್ಲು ದಶಕಗಳ ಕಾಲ ಬಾಳಬಲ್ಲದು.

‘ಬಿದ್ದುಹೋಗುವ ಹಲ್ಲು ತಾನೇ?’

ಮಕ್ಕಳ ವಿಷಯದಲ್ಲಿ ಪಾಲಕರ ಈ ಒಂದು ಮಾತು ಮಾಡುವ ಹಾನಿ ಅಷ್ಟಿಷ್ಟಲ್ಲ. ಇಪ್ಪತ್ತು ಹಾಲುಹಲ್ಲುಗಳ ಪೈಕಿ ಹಿಂಬದಿಯವು ಬೀಳುವುದು ಹತ್ತರಿಂದ ಹನ್ನೆರಡನೆಯ ವಯಸ್ಸಿನಲ್ಲಿ. ಐದನೆಯ ವಯಸ್ಸಿಗೇ ಅವನ್ನು ಕಿತ್ತರೆ ಅಕ್ಕಪಕ್ಕದ ಹಲ್ಲುಗಳು ವಾಲಿಕೊಂಡು, ಮುಂದೆ ಬರಬೇಕಾದ ಹಲ್ಲಿಗೆ ಜಾಗವೇ ಇಲ್ಲದಂತಾಗುತ್ತದೆ. ಹಾಲುಹಲ್ಲಿನ ಬೇರಿನ ಕೀವು ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೂ ಧಕ್ಕೆ ತರಬಹುದು. ಆದ್ದರಿಂದಲೇ ಮಕ್ಕಳಿಗೂ ತಿರುಳಿನ ಮೇಲ್ಭಾಗವನ್ನಷ್ಟೇ ತೆಗೆಯುವ ಅಥವಾ ಪೂರ್ಣ ತಿರುಳು ತೆಗೆದು ಕರಗುವ ವಸ್ತು ತುಂಬುವ ಚಿಕಿತ್ಸೆಗಳಿವೆ.

ಇನ್ನೂ ದೊಡ್ಡ ತಪ್ಪು ತಿಳಿವಳಿಕೆ ಆರನೆಯ ವಯಸ್ಸಿನದು. ಆಗ ಮೊದಲ ಶಾಶ್ವತ ದವಡೆ ಹಲ್ಲು ಯಾವ ಹಲ್ಲೂ ಬೀಳದೆ ಹಿಂದುಗಡೆ ಸದ್ದಿಲ್ಲದೆ ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದೇ ಭಾವಿಸುವ ಪಾಲಕರು ಬಹಳ. ಅದು ಹುಳುಕಾದಾಗ ಮತ್ತೆ ಬರುತ್ತದೆಂದು ಕೀಳಿಸುತ್ತಾರೆ. ಅದು ಮತ್ತೆ ಬರುವುದಿಲ್ಲ.

ಕೀಳಿಸುವುದೇ ಅಗ್ಗ

ಬಡವರು ಅಜ್ಞಾನದಿಂದಲೇ ಹಲ್ಲು ಕೀಳಿಸುತ್ತಾರೆ ಎನ್ನುವುದು ಅರ್ಧಸತ್ಯ. ಲೆಕ್ಕಾಚಾರವೂ ಹಾಗೆಯೇ ಇದೆ. ಕೀಳುವುದು ಒಂದು ದಿನದ, ಕೆಲವು ನೂರು ರೂಪಾಯಿಗಳ ಕೆಲಸ. ರೂಟ್ ಕೆನಾಲ್ ಮತ್ತು ಕ್ಯಾಪ್ ಸೇರಿ ಖಾಸಗಿ ಕ್ಲಿನಿಕ್‌ಗಳಲ್ಲಿ ಹಲವು ಸಾವಿರ ರೂಪಾಯಿ ತಗಲುತ್ತದೆ. ಎರಡು ಮೂರು ಬಾರಿ ಪಟ್ಟಣಕ್ಕೆ ಹೋಗಿಬರುವ ಬಸ್ ಖರ್ಚು, ಕಳೆದುಕೊಳ್ಳುವ ಕೂಲಿ ಬೇರೆ. ಕೇಂದ್ರದ ಆಯುಷ್ಮಾನ್ ಭಾರತ್ ವಿಮೆ ಒಳರೋಗಿಗಳಿಗೆ ಮೀಸಲು. ರೂಟ್ ಕೆನಾಲ್ ಹೊರರೋಗಿ ಚಿಕಿತ್ಸೆ. ಅಂದರೆ ಸೋಂಕು ಕುತ್ತಿಗೆಗಿಳಿದು ಆಸ್ಪತ್ರೆ ಸೇರಿದಾಗ ನೆರವು ಸಿಗಬಹುದು. ಅದನ್ನು ತಡೆಯಬಲ್ಲ ಚಿಕಿತ್ಸೆಗೆ ಸಿಗದು.

ವೈದ್ಯರ ಕೊರತೆಯೆಂದು ಹೇಳುವಂತೆಯೂ ಇಲ್ಲ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜು 1958ರಿಂದ ಇದೆ. ಇಂದು ರಾಜ್ಯದಲ್ಲಿ ನಲವತ್ತಕ್ಕೂ ಹೆಚ್ಚು ದಂತವೈದ್ಯ ಕಾಲೇಜುಗಳಿವೆ. ಅವುಗಳಲ್ಲಿ ಕಡಿಮೆ ದರದ ಚಿಕಿತ್ಸೆಯೂ ಲಭ್ಯ. ಆದರೆ ಕಾಲೇಜುಗಳು ಬಹುಪಾಲು ನಗರಗಳಲ್ಲಿವೆ, ಹುಳುಕು ಹಲ್ಲು ಎಲ್ಲೆಡೆ ಇದೆ.

ಹೊಸ ಯೋಜನೆಯನ್ನೇ ಹುಟ್ಟುಹಾಕಬೇಕೆಂದಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳ ಹಲ್ಲನ್ನೂ ತಪಾಸಣೆ ಮಾಡಬೇಕೆಂದಿದೆ. ಆರು-ಏಳು ವರ್ಷದ ಮಕ್ಕಳ ಮೊದಲ ದವಡೆ ಹಲ್ಲನ್ನು ಅಲ್ಲಿ ಗುರುತಿಸಿ, ಚೀಟಿ ಬರೆದುಕೊಟ್ಟು ಕೈತೊಳೆದುಕೊಳ್ಳದೆ ಚಿಕಿತ್ಸೆ ಮುಗಿಯುವವರೆಗೆ ಬೆನ್ನುಹತ್ತಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ರೂಟ್ ಕೆನಾಲ್‌ಗೆ ಬೇಕಾದ ಉಪಕರಣ, ಎಕ್ಸ್‌ರೇ, ಸಾಮಗ್ರಿಗಳು ಸದಾ ಇರುವಂತೆ ನೋಡಿಕೊಳ್ಳಬೇಕು. ದಂತಭಾಗ್ಯಕ್ಕಾಗಿ ಕಾಲೇಜುಗಳೊಡನೆ ಮಾಡಿಕೊಂಡಂಥ ಏರ್ಪಾಟನ್ನೇ ಹಲ್ಲು ಉಳಿಸುವ ಕೆಲಸಕ್ಕೂ ವಿಸ್ತರಿಸಬಹುದು.

ಆರನೆಯ ವಯಸ್ಸಿನಲ್ಲಿ ಮೂಡಿದ ಹಲ್ಲನ್ನು ಸರ್ಕಾರ ಉಳಿಸಿಕೊಟ್ಟರೆ, ಅರವತ್ತರಲ್ಲಿ ಸೆಟ್ ಕೊಡುವ ಖರ್ಚು ಅಷ್ಟರಮಟ್ಟಿಗೆ ಉಳಿಯುತ್ತದೆ.