ಏಳರಿಂದ ಎಂಟಕ್ಕೆ



ವಾರ್ಷಿಕ ಪರೀಕ್ಷೆಗಳು ಮುಗಿದು ಬೇಸಿಗೆಯ ರಜೆ ಆರಂಭವಾಯಿತೆಂದರೆ ಗುರುಗಳ ನಿವಾಸಕ್ಕೆ ಬರುವ ತಂದೆತಾಯಿಗಳ ಸಂಖ್ಯೆ ಹೆಚ್ಚುತ್ತದೆ. ಒಬ್ಬರಿಗೆ ಜ್ಞಾನಸ್ನಾನದ ಪ್ರಮಾಣಪತ್ರ ಬೇಕು, ಇನ್ನೊಬ್ಬರಿಗೆ ಶಿಫಾರಸು ಪತ್ರ ಬೇಕು, ಮತ್ತೊಬ್ಬರಿಗೆ ದೂರದ ಯಾವುದಾದರೂ ಬೋರ್ಡಿಂಗಿನಲ್ಲಿ ಒಂದು ಸ್ಥಳ ಬೇಕು. ಮಗುವಿನ ಏಳನೆಯ ತರಗತಿ ಮುಗಿದಿರುತ್ತದೆ. ಶಾಲೆಗಳು ಮತ್ತೆ ತೆರೆಯುವುದರೊಳಗೆ ಅದನ್ನು ಎಂಟನೆಯ ತರಗತಿಗೆ ಎಲ್ಲಿಯಾದರೂ ಸೇರಿಸಬೇಕಾಗಿರುತ್ತದೆ. ತಂದೆ ಕುರ್ಚಿಯಲ್ಲಿ ಕುಳಿತು ಮಾತನಾಡುತ್ತಾರೆ, ತಾಯಿ ನಡುನಡುವೆ ಒಂದೆರಡು ಮಾತು ಸೇರಿಸುತ್ತಾರೆ. ಯಾರ ಬಾಳಿನ ಬಗ್ಗೆ ಇಷ್ಟೆಲ್ಲ ಮಾತುಕತೆ ನಡೆದಿದೆಯೋ ಆ ಮಗು ಬಾಗಿಲ ಬಳಿ ನಿಂತಿರುತ್ತದೆ. "ನಿನಗ ಏನ್ ಆಸೆ ಐತಿ ತಮ್ಮಾ?" ಎಂದು ನಾವು ಕೇಳಿದರೆ ಅದು ಮೊದಲು ತಂದೆಯ ಮುಖವನ್ನು ನೋಡುತ್ತದೆ, ಉತ್ತರ ಅಲ್ಲಿ ಬರೆದಿದೆಯೇನೋ ಎಂಬಂತೆ.

ಬಾಡಗಂಡಿಯ ಸುತ್ತಲಿನ ಬೀಳಗಿ, ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಏಳನೆಯ ತರಗತಿ ಎಂಬುದು ಹಿಂದಿನಿಂದಲೂ ಒಂದು ದೊಡ್ಡ ಹೊಸ್ತಿಲು. ಮುಲ್ಕಿ ಪರೀಕ್ಷೆಯನ್ನು ನೆನೆಯುವ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಮುಲ್ಕಿ ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗಬಹುದಿತ್ತು; ನಪಾಸಾದವನು ಮಗ್ಗಕ್ಕೋ ಹೊಲಕ್ಕೋ ಮರಳುತ್ತಿದ್ದ. ಆ ಪರೀಕ್ಷೆ ಹೋಗಿ ಬಹುಕಾಲವಾಯಿತು, ಹೊಸ್ತಿಲು ಮಾತ್ರ ಉಳಿದಿದೆ. ಅನೇಕ ಹಳ್ಳಿಗಳ ಹಿರಿಯ ಪ್ರಾಥಮಿಕ ಶಾಲೆ ಏಳನೆಯದಕ್ಕೆ ಮುಗಿಯುತ್ತದೆ; ಎಂಟನೆಯದಕ್ಕೆ ಪ್ರೌಢಶಾಲೆಯಿರುವ ಊರಿಗೆ ಬಸ್ಸು ಹಿಡಿಯಬೇಕು. 2006-07ರಲ್ಲಿ ರಾಜ್ಯ ಸರ್ಕಾರ ಉಚಿತ ಸೈಕಲ್ ಕೊಡಲು ಆರಂಭಿಸಿದಾಗ ಎಂಟನೆಯ ತರಗತಿಯನ್ನೇ ಆರಿಸಿಕೊಂಡದ್ದು ಕಾರಣವಿಲ್ಲದೆ ಅಲ್ಲ. ಮಕ್ಕಳು ಕೈಬಿಟ್ಟುಹೋಗುವ ಸ್ಥಳ ಅದು.

ಕಡ್ಡಾಯ ಶಿಕ್ಷಣದ 2009ರ ಕಾಯಿದೆ ಹದಿನಾಲ್ಕನೆಯ ವಯಸ್ಸಿನವರೆಗೆ ಮಗುವಿಗೆ ಶಾಲೆಯ ಹಕ್ಕನ್ನು ಕೊಟ್ಟಿದೆ. ಹದಿನಾಲ್ಕರೊಳಗಿನವರನ್ನು ಯಾವ ದುಡಿಮೆಗೂ ಹಚ್ಚಬಾರದೆಂದು 2016ರ ತಿದ್ದುಪಡಿಯೂ ಹೇಳುತ್ತದೆ. ಆದರೆ ಶಾಲೆಯ ವೇಳೆಯ ಹೊರಗೆ ಮನೆಯ ಕಸುಬಿಗೆ ನೆರವಾಗಬಹುದೆಂಬ ಒಂದು ಸಡಿಲಿಕೆ ಅದರಲ್ಲಿದೆ. ಮನೆಯಲ್ಲಿಯೇ ಪಾವರ್‌ಲೂಮ್ ಇರುವಲ್ಲಿ, ಕಬ್ಬು ಕಡಿಯುವ ಹಂಗಾಮಿನಲ್ಲಿ ಮನೆಯವರೆಲ್ಲ ಹೊರಡಬೇಕಾದಲ್ಲಿ ಆ ಸಡಿಲಿಕೆ ಎಲ್ಲಿ ಮುಗಿದು ದುಡಿಮೆ ಎಲ್ಲಿ ಆರಂಭವಾಗುತ್ತದೆಂದು ಹೇಳುವವರು ಯಾರು? ನಾವು ತಂದೆತಾಯಿಗಳನ್ನು ದೂರುತ್ತಿಲ್ಲ. ಬಡತನವನ್ನು ಪುಸ್ತಕದಲ್ಲಿ ಓದಿದವರಿಗಿಂತ ಅವರು ಹೆಚ್ಚು ಬಲ್ಲರು. ನಮ್ಮ ಪ್ರಶ್ನೆ ಇಷ್ಟೆ: ಮಗುವನ್ನು ಎತ್ತ ಕಳುಹಿಸಬೇಕೆಂದು ಎರಡು ತಿಂಗಳಲ್ಲಿ ನಿರ್ಧರಿಸುವ ಮೊದಲು, ಈ ಮಗು ಯಾರೆಂದು ಅರಿಯಲು ಹಿಂದಿನ ಎರಡು ವರ್ಷಗಳಲ್ಲಿ ನಾವು ಏನು ಮಾಡಿದೆವು? ಮಗುವಿಗಾದರೂ ತಾನು ಯಾರೆಂದು ಅರಿಯಲು ಏನು ನೆರವು ಕೊಟ್ಟೆವು?

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ, ತನ್ನನ್ನು ತಾನು ಅರಿಯಬೇಕೆಂಬ ಡೆಲ್ಫಿ ದೇಗುಲದ ಶಾಸನವಾಕ್ಯದ ಮೇಲೆ ನಾವು ಪುಟಗಟ್ಟಲೆ ಪ್ರಬಂಧ ಬರೆದದ್ದುಂಟು. ಆಗ ಅರ್ಥವಾಗದೆ ಈಗ ಅರ್ಥವಾಗುವ ಸಂಗತಿ ಸಾಕ್ರೆಟಿಸನ ತಾಯಿಯದು. ಆಕೆ ಸೂಲಗಿತ್ತಿ. ತಾನೂ ಅದೇ ಕಸುಬಿನವನೆಂದು ಆತ ಹೇಳಿಕೊಳ್ಳುತ್ತಿದ್ದ. ಸೂಲಗಿತ್ತಿ ಕೂಸನ್ನು ತಾನು ತಂದು ಕೊಡುವುದಿಲ್ಲ, ಹೆರುವವಳ ಬದಲು ತಾನು ಹೆರುವುದೂ ಇಲ್ಲ. ಪಕ್ಕದಲ್ಲಿ ಕುಳಿತಿರುತ್ತಾಳೆ, ಸಮಯ ತಿಳಿದಿರುತ್ತಾಳೆ. ಹನ್ನೆರಡು ಹದಿಮೂರು ವರ್ಷದ ಮಗುವಿನ ಬಳಿ ಹಿರಿಯರಾದವರು ಮಾಡಬೇಕಾದ ಕೆಲಸ ಹೆಚ್ಚುಕಡಿಮೆ ಇದೇ. ಈಗ ಪೇಟೆಗಳಲ್ಲಿ ಮಗುವಿನ ಬೆರಳಚ್ಚು ತೆಗೆದುಕೊಂಡು ಅದರ ಬುದ್ಧಿ ಯಾವ ಬಗೆಯದು, ಮುಂದೆ ಡಾಕ್ಟರಾಗುವುದೋ ಇಂಜಿನಿಯರಾಗುವುದೋ ಎಂದು ವರದಿ ಬರೆದುಕೊಡುವವರು ಬಂದಿದ್ದಾರೆ. ಸಾವಿರಾರು ರೂಪಾಯಿ ಕೇಳುತ್ತಾರೆ. ಅದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಗಿಣಿಶಾಸ್ತ್ರಕ್ಕೆ ಕಂಪ್ಯೂಟರ್ ಜೋಡಿಸಿದಂತೆ. ಆ ಹಣದಲ್ಲಿ ಮಗುವಿಗೆ ನಾಲ್ಕು ಒಳ್ಳೆಯ ಪುಸ್ತಕ ಕೊಡಿಸಿರಿ.

ಕೆಲವು ವರ್ಷಗಳ ಹಿಂದೆ ಒಬ್ಬ ತಂದೆ ತಮ್ಮ ಮಗನನ್ನು ಕರೆದುಕೊಂಡು ಬಂದರು. "ಇವನ ತಲಿಗೆ ಏನೂ ಹತ್ತಂಗಿಲ್ರಿ ಫಾದರ್. ಶಾಲಿ ಸಾಕು, ಕೆಲಸಕ್ಕ ಹಚ್ಚತೀನ್ರಿ" ಎಂದರು. ಹುಡುಗನ ಅಂಕಪಟ್ಟಿ ನೋಡಿದರೆ ಗಣಿತದಲ್ಲಿ ಬಹಳ ಕಡಿಮೆ. ದಿನವೂ ಶಾಲೆ ಬಿಟ್ಟ ಮೇಲೆ ಎಲ್ಲಿಗೆ ಹೋಗುತ್ತೀಯೆಂದು ಕೇಳಿದೆವು. ಬೋರ್‌ವೆಲ್ ಮೋಟಾರು ರೀವೈಂಡಿಂಗ್ ಮಾಡುವ ಅಂಗಡಿಯ ಮುಂದೆ ಕುಳಿತಿರುತ್ತಾನಂತೆ. ಯಾರೂ ಹೇಳಿಕೊಟ್ಟಿರಲಿಲ್ಲ. ಯಾವ ಮೋಟಾರಿಗೆ ಯಾವ ದಪ್ಪದ ತಾಮ್ರದ ತಂತಿ, ಒಂದೊಂದು ಗಾಡಿಗೆ ಎಷ್ಟು ಸುತ್ತು, ಒಂದು ಸುತ್ತು ತಪ್ಪಿದರೆ ಏನಾಗುತ್ತದೆ ಎಂಬುದನ್ನೆಲ್ಲ ಆತ ಬೆರಳು ಮಡಿಸಿ ಲೆಕ್ಕ ಹಾಕಿ ನಮಗೆ ವಿವರಿಸಿದ. ತಂದೆ ಬಾಯಿ ತೆರೆದು ಕೇಳುತ್ತಿದ್ದರು. ಅದೇ ಮನೆಯಲ್ಲಿ ಹನ್ನೆರಡು ವರ್ಷ ಬೆಳೆದ ಮಗನ ಈ ಮಾತನ್ನು ಅವರು ಮೊದಲ ಸಲ ಕೇಳಿದ್ದರು. ಹುಡುಗ ಎಂಟನೆಯದಕ್ಕೆ ಹೋದ. ಹತ್ತನೆಯದನ್ನು ಎರಡನೆಯ ಯತ್ನದಲ್ಲಿ ಮುಗಿಸಿ ಐಟಿಐ ಸೇರಿದ.

ಎಲ್ಲ ಕಥೆಯೂ ಹೀಗೆ ಮುಗಿಯುವುದಿಲ್ಲ. ತಾಯಿಯ ಸ್ವಸಹಾಯ ಸಂಘದ ಲೆಕ್ಕಪುಸ್ತಕವನ್ನು ಆರನೆಯ ತರಗತಿಯಲ್ಲಿದ್ದಾಗಲೇ ಒಂದು ತಪ್ಪಿಲ್ಲದೆ ಬರೆಯುತ್ತಿದ್ದ ಹುಡುಗಿಯೊಬ್ಬಳನ್ನು ನಾವು ಬಲ್ಲೆವು. ಧರ್ಮೋಪದೇಶದ ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವವಳು ಅವಳೇ. ಪ್ರೌಢಶಾಲೆ ದೂರ, ಬಸ್ಸು ಸಂಜೆ ತಡವಾಗಿ ಬರುತ್ತದೆ, ಹೆಣ್ಣುಮಗು ಎಂದು ಮನೆಯವರು ಏಳಕ್ಕೆ ನಿಲ್ಲಿಸಿದರು. ನಮಗೆ ಗೊತ್ತಾದದ್ದು ಆಗಸ್ಟ್ ತಿಂಗಳಲ್ಲಿ. ಹದಿನೆಂಟು ತುಂಬಿದ ಕೂಡಲೇ ಮದುವೆಯಾಯಿತು. ಆ ವಿವಾಹವನ್ನು ಆಶೀರ್ವದಿಸಿದವರೂ ನಾವೇ. ಅವಳ ಪ್ರಶ್ನೆಗಳನ್ನು ಪ್ರತಿ ಭಾನುವಾರ ಮೆಚ್ಚಿ ತಲೆದೂಗುತ್ತಿದ್ದ ನಾವು ಏಪ್ರಿಲ್ ತಿಂಗಳಲ್ಲಿ ಒಮ್ಮೆ ಅವಳ ಮನೆಯ ಮೆಟ್ಟಿಲು ಹತ್ತಿದ್ದರೆ ಸಾಕಿತ್ತು.

ತಂದೆಯ ಕಸುಬನ್ನು ಮಗ ಬಿಡಬಾರದೆಂದು ಹೇಳುವವರು ಮುಧೋಳದ ರನ್ನನನ್ನು ನೆನೆಯಬೇಕು. ಹತ್ತನೆಯ ಶತಮಾನದಲ್ಲಿ ಬಳೆಗಾರರ ಮನೆತನದಲ್ಲಿ ಹುಟ್ಟಿದವನು ಆತ. ಬಳೆಯ ಮಲಾರ ಹೊತ್ತು ಊರೂರು ತಿರುಗಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಓದಬೇಕೆಂಬ ಹಂಬಲ ಅವನನ್ನು ಶ್ರವಣಬೆಳಗೊಳದ ಅಜಿತಸೇನಾಚಾರ್ಯರ ಬಳಿಗೆ ಕರೆದೊಯ್ದಿತು. ಕವಿಚಕ್ರವರ್ತಿಯಾಗಿ ಬೆಳೆದ ಮೇಲೂ ತಾನು ಬಳೆಗಾರ ಕುಲದವನೆಂಬುದನ್ನು ತನ್ನ ಕಾವ್ಯದಲ್ಲಿ ಮುಚ್ಚಿಡಲಿಲ್ಲ. ಇನ್ನು ಎಂಟನೆಯ ತರಗತಿಯಲ್ಲಿಯೇ ಎಲ್ಲವೂ ತೀರ್ಮಾನವಾಗಬೇಕೆಂದು ಹೇಳುವವರು ಜಮಖಂಡಿಯ ಗುರುದೇವ ರಾನಡೆಯವರನ್ನು ನೆನೆಯಬೇಕು. 1886ರಲ್ಲಿ ಅಲ್ಲಿ ಹುಟ್ಟಿ, ಅಲ್ಲಿಯ ಪರಶುರಾಮಭಾವು ಹೈಸ್ಕೂಲಿನಲ್ಲಿ ಓದಿ, ಪುಣೆಯ ಡೆಕ್ಕನ್ ಕಾಲೇಜಿಗೆ ಹೋದ ಅವರು ಮೊದಲು ಹಿಡಿದದ್ದು ಗಣಿತ. ನಡುವೆ ಬಂದ ತೀವ್ರ ಕಾಯಿಲೆ ಅವರನ್ನು ಒಳಮುಖವಾಗಿಸಿತು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಪದವಿ ಪಡೆದದ್ದು 1914ರಲ್ಲಿ, ಇಪ್ಪತ್ತೆಂಟರ ಹೊತ್ತಿಗೆ. ಉಪನಿಷತ್ತುಗಳನ್ನು ಕುರಿತ ಅವರ ಪ್ರಸಿದ್ಧ ಗ್ರಂಥ ಬಂದದ್ದು 1926ರಲ್ಲಿ. ನಮ್ಮ ಗುರುಮಠದ ಗ್ರಂಥಾಲಯದಲ್ಲಿಯೂ ಅದರ ಪ್ರತಿ ಇತ್ತು. ಲೇಖಕರು ನಮ್ಮ ಸೀಮೆಯವರೆಂದು ಆಗ ನಮಗೆ ತಿಳಿದಿರಲಿಲ್ಲ.

ಆದ್ದರಿಂದ ಹನ್ನೆರಡರ ಮಗುವಿನಿಂದ ನಿರ್ಧಾರವನ್ನು ಕೀಳಬೇಕೆಂದು ನಾವು ಹೇಳುತ್ತಿಲ್ಲ. ಗಮನಿಸಬೇಕೆಂದು ಹೇಳುತ್ತಿದ್ದೇವೆ. ಸಂತ ಲೂಕನ ಶುಭಸಂದೇಶದ ಎರಡನೆಯ ಅಧ್ಯಾಯವನ್ನು ಈ ವಾರ ಮನೆಯವರೆಲ್ಲ ಕೂಡಿ ಓದಿರಿ. ಪಾಸ್ಖ ಹಬ್ಬಕ್ಕೆ ಹೋದ ಹನ್ನೆರಡು ವರ್ಷದ ಬಾಲಯೇಸು ಜೆರುಸಲೇಮಿನಲ್ಲಿಯೇ ಉಳಿದುಬಿಟ್ಟರು. ಮೂರು ದಿನಗಳ ಮೇಲೆ ಮಹಾದೇವಾಲಯದಲ್ಲಿ ಕಂಡಾಗ ಅವರು ಬೋಧಕರ ನಡುವೆ ಕುಳಿತು ಕೇಳುತ್ತಿದ್ದರು, ಪ್ರಶ್ನಿಸುತ್ತಿದ್ದರು. ತಾಯಿ ತಮ್ಮ ಸಂಕಟವನ್ನು ಹೇಳಿಕೊಂಡರು. ಮಗ ಕೊಟ್ಟ ಉತ್ತರ ಮಾತೆ ಮರಿಯಮ್ಮನವರಿಗೂ ಸಂತ ಜೋಸೆಫರಿಗೂ ಅರ್ಥವಾಗಲಿಲ್ಲವೆಂದು ಶುಭಸಂದೇಶಕಾರನು ಸ್ಪಷ್ಟವಾಗಿ ಬರೆಯುತ್ತಾನೆ. ಪವಿತ್ರ ಕುಟುಂಬದಲ್ಲಿಯೂ ಮಗನ ಮಾತು ಹೆತ್ತವರಿಗೆ ತಿಳಿಯದೆ ಹೋದ ಕ್ಷಣವೊಂದಿತ್ತು! ಆದರೂ ತಾಯಿ ಅದನ್ನು ತಳ್ಳಿಹಾಕಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡರು. ಮಗ ನಜರೇತಿಗೆ ಹಿಂದಿರುಗಿ ಅವರಿಗೆ ವಿಧೇಯನಾಗಿ ಬೆಳೆದ. ಆ ಮಾತಿನ ಅರ್ಥ ತೆರೆದುಕೊಳ್ಳಲು ಮುಂದೆ ಎಷ್ಟೋ ವರ್ಷಗಳು ಹಿಡಿದವು.

ಇಲ್ಲಿ ನಮ್ಮದೇ ಮನೆಯ ಕಡೆಗೂ ಬೆರಳು ತೋರಬೇಕಾಗಿದೆ. ಗುರುಮಠಕ್ಕೆ ಹುಡುಗರು ಕಡಿಮೆಯಾಗುತ್ತಿರುವ ಈ ಕಾಲದಲ್ಲಿ, ಚುರುಕಾದ ಪೂಜಾ ಸಹಾಯಕ ಬಾಲಕನೊಬ್ಬನನ್ನು ಕಂಡರೆ "ಇವನು ಫಾದರಾಗುತ್ತಾನೆ" ಎಂದು ಬಿಡುವ ಚಪಲ ನಮಗಿದೆ. ತಂದೆತಾಯಿಗಳಿಗೂ ಉಚಿತ ಊಟ, ವಸತಿ, ಓದು ಸಿಗುವುದಾದರೆ ಆಗಲಿ ಎನಿಸುವುದು ಸಹಜ. ಹೀಗೆ ಎರಡು ಅಗತ್ಯಗಳು ಕೂಡಿ ಒಂದು ದೈವಕರೆಯ ರೂಪ ತಾಳುತ್ತವೆ. ಶಿಲೋವಿನ ವೃದ್ಧ ಯಾಜಕ ಏಲಿಯನ್ನು ನೆನೆಯಿರಿ. ರಾತ್ರಿ ಬಾಲಕ ಸಮುವೇಲನು ಓಡಿಬಂದು, ನೀವು ಕರೆದಿರಲ್ಲ, ಇಗೋ ಬಂದೆ ಎಂದಾಗ ಏಲಿಯು ತಾನು ಕರೆಯಲಿಲ್ಲವೆಂದು ಹೇಳಿ ಹಿಂದಕ್ಕೆ ಕಳುಹಿಸಿದ. ಎರಡು ಸಲ ಹಾಗೆಯೇ ಆಯಿತು. ಮೂರನೆಯ ಸಲ, ಕರೆಯುತ್ತಿರುವವರು ದೇವರೆಂದು ಅರಿತು ಹೇಗೆ ಉತ್ತರಿಸಬೇಕೆಂದು ತಿಳಿಸಿಕೊಟ್ಟ. ಏಲಿಯಲ್ಲಿ ದೋಷಗಳು ಹಲವಿದ್ದವು, ಆದರೆ ತನ್ನ ದನಿಯನ್ನು ದೇವರ ದನಿಯೆಂದು ಹೇಳಿ ಹುಡುಗನನ್ನು ನಂಬಿಸುವ ದೋಷ ಇರಲಿಲ್ಲ. 2018ರಲ್ಲಿ ರೋಮಿನಲ್ಲಿ ಯುವಜನರನ್ನು ಕುರಿತು ಧರ್ಮಾಧ್ಯಕ್ಷರ ಮಹಾಸಮ್ಮೇಳನ ನಡೆದು, ಮರುವರ್ಷ ಜಗದ್ಗುರು ಫ್ರಾನ್ಸಿಸರು ಪ್ರೇಷಿತ ಪತ್ರವೊಂದನ್ನು ಬರೆದರು. ದೈವಕರೆ ಎಂಬುದು ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರ ಬರುವಂಥದಲ್ಲ, ಸಂಸಾರವೂ ಕಾಯಕವೂ ಕರೆಯೇ ಎಂಬುದು ಅಲ್ಲಿಯ ಬೋಧೆ. ನಮ್ಮ ದೈವಕರೆ ಶಿಬಿರಗಳು ಅದನ್ನು ಇನ್ನೂ ಕಲಿಯಬೇಕಾಗಿದೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಚೀಲವಿಲ್ಲದ ಹತ್ತು ದಿನಗಳನ್ನು ಸೂಚಿಸಲಾಗಿದೆ. ಬಡಗಿ, ಕುಂಬಾರ, ತೋಟಗಾರ, ಕಲಾವಿದ ಮೊದಲಾದವರ ಬಳಿ ಕುಳಿತು ಮಕ್ಕಳು ಕೆಲಸ ನೋಡಬೇಕೆಂಬುದು ಅದರ ಉದ್ದೇಶ. ಆ ನೀತಿಯನ್ನು ನಮ್ಮ ರಾಜ್ಯ ಒಪ್ಪಬೇಕೋ ಬಿಡಬೇಕೋ ಎಂಬ ರಾಜಕೀಯ ವಾದಕ್ಕೆ ನಾವು ಹೋಗುವುದಿಲ್ಲ. ಹತ್ತು ದಿನಗಳ ವಿಚಾರ ಮಾತ್ರ ಒಳ್ಳೆಯದು, ಅದಕ್ಕೆ ಸರ್ಕಾರದ ಆದೇಶವೂ ಬೇಕಿಲ್ಲ. ಬನಹಟ್ಟಿಯ ಮಗ್ಗದ ಮುಂದೆ ಒಂದು ದಿನ, ಮುಧೋಳ ಕಡೆಯ ಆಲೆಮನೆಯಲ್ಲಿ ಒಂದು ದಿನ, ಜಮಖಂಡಿಯ ಆಸ್ಪತ್ರೆಯಲ್ಲಿ ಒಬ್ಬ ನರ್ಸಿನ ಹಿಂದೆ ಒಂದು ದಿನ, ನ್ಯಾಯಾಲಯದ ಕಟ್ಟೆಯ ಮೇಲೆ ಒಂದು ದಿನ. ನಮ್ಮ ಜನರೇ ಈ ಕೆಲಸಗಳಲ್ಲಿದ್ದಾರೆ, ಕೇಳಿದರೆ ಇಲ್ಲವೆನ್ನುವುದಿಲ್ಲ. ಮಗ್ಗದ ಮುಂದೆ ಕೂರುವ ಮಗು ಅಂದು ನೂಲು ಸುತ್ತಲು ಹೋಗಿರುವುದಿಲ್ಲ, ನೋಡಲು ಮತ್ತು ಕೇಳಲು ಹೋಗಿರುತ್ತದೆ. ಈ ವ್ಯತ್ಯಾಸವನ್ನು ಹಿರಿಯರು ಮರೆಯಬಾರದು. ಸಂಜೆ ಮನೆಗೆ ಬಂದಾಗ ತಾಯಿ ಕೇಳಬೇಕಾದ ಪ್ರಶ್ನೆ "ಏನು ಕಲಿತೆ?" ಎಂದಲ್ಲ. "ಎಲ್ಲಿ ಹೊತ್ತು ಹೋದದ್ದು ತಿಳೀಲಿಲ್ಲ? ಎಲ್ಲಿ ಬ್ಯಾಸರಾತು?" ಎಂದು ಕೇಳಲಿ. ಉತ್ತರವನ್ನು ತಿದ್ದದೆ ಕೇಳಲಿ. ಹುಡುಗಿಯರನ್ನೂ ಕಳುಹಿಸಬೇಕು, ಅವರನ್ನು ಬಿಟ್ಟು ಹುಡುಗರಿಗಷ್ಟೇ ಎಂದರೆ ನಾವು ಒಪ್ಪುವುದಿಲ್ಲ.

ಈ ಬೇಸಿಗೆಯಲ್ಲಿ ಆರು ಮತ್ತು ಏಳನೆಯ ತರಗತಿ ಮುಗಿಸಿದ ಮಕ್ಕಳಿಗಾಗಿ ಈ ಹತ್ತು ದಿನಗಳನ್ನು ನಡೆಸಲು ಧರ್ಮಕೇಂದ್ರದಲ್ಲಿ ಯೋಚಿಸಿದ್ದೇವೆ. ಮಗ್ಗ, ಅಂಗಡಿ, ಹೊಲ, ಕಚೇರಿ ಇರುವವರು ಭಾನುವಾರದ ಬಲಿಪೂಜೆಯ ನಂತರ ಹೆಸರು ಬರೆಸಿರಿ. ಸಂಜೆಯ ಬಸ್ಸಿನ ಚಿಂತೆಯಿಂದ ಮಗಳನ್ನು ಮನೆಯಲ್ಲಿ ನಿಲ್ಲಿಸಬೇಕೆಂದಿರುವ ಮನೆಯವರು ಅದನ್ನು ಏಪ್ರಿಲ್ ತಿಂಗಳಲ್ಲಿಯೇ ನಮಗೆ ಹೇಳಿರಿ, ಆಗಸ್ಟಿನಲ್ಲಿ ಅಲ್ಲ. ಬಸ್ಸಿಗೆ ಜೊತೆ ಹುಡುಕಬಹುದು, ಹಾಸ್ಟೆಲು ಹುಡುಕಬಹುದು. ಶಿಫಾರಸು ಪತ್ರ ಕೇಳಲು ಬರುವವರು ಮಗುವನ್ನು ಜೊತೆಗೆ ಕರೆತನ್ನಿರಿ. ನಮ್ಮ ಕೋಣೆಯಲ್ಲಿ ಒಂದು ಕುರ್ಚಿಯನ್ನು ಹೆಚ್ಚಿಗೆ ಹಾಕಿಸಿದ್ದೇವೆ.