ಎಲಿಮೆಂಟ್ ಕೊಡಲ್ಲ, ಇಡೀ ಬಾಯ್ಲರ್ ತಗೊಳ್ಳಿ!

ಇಲ್ಲಿ ಬರೆದು ತುಂಬಾ ದಿನ ಆಯ್ತು. ಇವತ್ತು ಬರೀತಿರೋದು ಸಿಟ್ಟಿನಿಂದ. ಹಾಗಾಗಿ ಸ್ವಲ್ಪ ಉದ್ದ ಆಗಬಹುದು, ಸಹಿಸಿಕೊಳ್ಳಿ.

ವಿಷಯ ಕಾಫಿ ಮೆಷಿನ್‌ದು. ಗುಬ್ಬಿಯಲ್ಲಿ ಕೂತು ಎಸ್ಪ್ರೆಸೊ ಕುಡಿಯೋ ಆಸಾಮಿ ಅಂದ್ರೆ ನಗ್ತೀರಿ ಅಂತ ಗೊತ್ತು. ನಮ್ಮನೇಲೂ ನಗ್ತಾರೆ. ಅಪ್ಪನ ಹಿತ್ತಾಳೆ ಫಿಲ್ಟರ್ ನನಗಿಂತ ಹಳೇದು, ಇಲ್ಲಿವರೆಗೆ ಒಂದು ದಿನಾನೂ ರಜ ಹಾಕಿಲ್ಲ. ನಾನು ಬೆಂಗಳೂರಲ್ಲಿ ರೂಮಲ್ಲಿದ್ದಾಗ ಹದಿನೆಂಟು ಸಾವಿರ ಕೊಟ್ಟು ತಗೊಂಡ ಮೆಷಿನ್, ಮನೆಯಿಂದಲೇ ಕೆಲಸ ಅಂತ ಊರಿಗೆ ಬಂದಾಗ ಜೊತೆಗೆ ಬಂತು. ಎರಡು ವರ್ಷ ಚೆನ್ನಾಗಿ ನಡೀತು. (ಹರಟೆಗೆ ಒಂದು ವಿಷಯ: ಇಟಲಿಯ ಟ್ಯೂರಿನ್‌ನಲ್ಲಿ ಆಂಜೆಲೊ ಮೊರಿಯೊಂಡೊ ಅನ್ನೋನು ಎಸ್ಪ್ರೆಸೊ ಯಂತ್ರದ ಪೂರ್ವಜನಿಗೆ ಪೇಟೆಂಟ್ ತಗೊಂಡಿದ್ದು 1884ರಲ್ಲಿ. ನಮ್ಮ ಗುಬ್ಬಿ ನಾಟಕ ಕಂಪನಿ ಶುರುವಾಗಿದ್ದೂ 1884ರಲ್ಲೇ. ಎರಡಕ್ಕೂ ಏನೂ ಸಂಬಂಧ ಇಲ್ಲ, ಆದ್ರೂ ಅಪ್ಪನ ಹತ್ರ ವಾದ ಮಾಡೋವಾಗ ಉಪಯೋಗಕ್ಕೆ ಬರುತ್ತೆ :-) )

ಒಂದು ದಿನ ಬೆಳಿಗ್ಗೆ ಸ್ವಿಚ್ ಹಾಕಿದೆ. ಮನೆಯೆಲ್ಲಾ ಕತ್ತಲೆ. "ಕರೆಂಟ್ ಹೋಯ್ತು" ಅಂದ್ರು ಅಮ್ಮ. ಕಿಟಕಿಯಿಂದ ನೋಡಿದ್ರೆ ಎದುರು ಮನೇಲಿ ಲೈಟು ಉರೀತಿದೆ. ನಮ್ಮ ಮನೆ ಆರ್‌ಸಿಸಿಬಿ ಬಿದ್ದಿತ್ತು. ಎತ್ತಿದೆ, ಮತ್ತೆ ಮೆಷಿನ್ ಹಾಕಿದೆ, ಮತ್ತೆ ಬಿತ್ತು. ಮೂರನೇ ಸಲಕ್ಕೆ ಅಮ್ಮ ದನಿ ಎತ್ತಿದ್ರು, ಸುಮ್ಮನಾದೆ.

ಕಂಪನಿಗೆ ಫೋನು. ಹೆಸರು ಬೇಡ ಬಿಡಿ. ಇಪ್ಪತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಗೊತ್ತಾಗಿದ್ದು ಇಷ್ಟು: ಗುಬ್ಬಿ ಅವರ ಸರ್ವೀಸ್ ಏರಿಯಾದಲ್ಲಿ ಬರಲ್ಲ, ಮೆಷಿನ್ನನ್ನ ಬೆಂಗಳೂರಿಗೆ ನಾವೇ ಹೊತ್ಕೊಂಡು ಹೋಗಬೇಕು. ಹೀಟಿಂಗ್ ಎಲಿಮೆಂಟ್ ಒಂದನ್ನೇ ಮಾರಲ್ಲ, "ಬಾಯ್ಲರ್ ಅಸೆಂಬ್ಲಿ" ಅಂತ ಇಡಿಯಾಗಿ ತಗೋಬೇಕು. ಅದಕ್ಕೆ ಒಂಬತ್ತು ಸಾವಿರದ ಎಂಟುನೂರು, ಕೂಲಿ ಬೇರೆ. ಎಲಿಮೆಂಟ್ ಒಂದೇ ಯಾಕೆ ಕೊಡಲ್ಲ ಅಂದ್ರೆ ಬಂದ ಉತ್ತರ: "ಸರ್, ಇಟ್ಸ್ ಫಾರ್ ಯುವರ್ ಸೇಫ್ಟಿ."

ಈ ಸೇಫ್ಟಿ ಅನ್ನೋ ಪದದ ಮೇಲೇ ನನ್ನ ಜಗಳ.

ಮೊದಲು ಈ ಎಲಿಮೆಂಟ್ ಅಂದ್ರೆ ಏನು ಅಂತ ನೋಡೋಣ. ಏನೋ ರಾಕೆಟ್ ಸೈನ್ಸ್ ಅಂತ ತಿಳ್ಕೋಬೇಡಿ. ಒಂದು ಲೋಹದ ಕೊಳವೆ. ಅದರೊಳಗೆ ಸುರುಳಿ ಸುತ್ತಿದ ನೈಕ್ರೋಮ್ ತಂತಿ. ತಂತಿ ಕೊಳವೆಗೆ ತಾಗದ ಹಾಗೆ ಮಧ್ಯೆ ಗಟ್ಟಿಯಾಗಿ ತುಂಬಿದ ಮೆಗ್ನೀಸಿಯಮ್ ಆಕ್ಸೈಡ್ ಪುಡಿ. ಈ ಪುಡಿಯ ಗುಣ ಏನಂದ್ರೆ ಶಾಖ ಬಿಡುತ್ತೆ, ಕರೆಂಟ್ ಬಿಡಲ್ಲ. ಗೀಜರ್, ಕೆಟಲ್, ನೀರು ಕಾಯಿಸೋ ರಾಡ್, ಎಲ್ಲದರಲ್ಲೂ ಇರೋದು ಇದೇ. ಆಕಾರ ಬೇರೆ ಅಷ್ಟೇ.

ಇದು ಹಾಳಾಗೋದೂ ಗುಟ್ಟಿನ ವಿಷಯ ಅಲ್ಲ. ನಮ್ಮ ಕಡೆ ಬೋರ್‌ವೆಲ್ ನೀರಿನ ಗಡಸುತನ ಬಕೆಟ್ ತಳ ನೋಡಿದ್ರೇ ಗೊತ್ತಾಗುತ್ತೆ. ಆ ನೀರು ಕಾದಾಗ ಅದರಲ್ಲಿ ಕರಗಿರೋ ಸುಣ್ಣದ ಅಂಶ ಎಲಿಮೆಂಟ್ ಮೇಲೆ ಕೂತು ಗಾರೆ ಬಳಿದ ಹಾಗೆ ಆಗುತ್ತೆ. ಶಾಖ ನೀರಿಗೆ ಹೋಗಲ್ಲ, ಒಳಗಿನ ತಂತಿ ಅಗತ್ಯಕ್ಕಿಂತ ಜಾಸ್ತಿ ಕಾಯುತ್ತೆ, ಸುಣ್ಣದ ಅಡಿಯಲ್ಲಿ ಕೊಳವೆ ಕೊರೆದು ತೂತು ಬೀಳುತ್ತೆ. ಆ ತೂತಿನಿಂದ ತೇವ ಪುಡಿಗೆ ಇಳಿದ್ರೆ ಮುಗೀತು, ಕರೆಂಟ್ ಬಾಯ್ಲರ್ ಮೈಗೆ ಬರೋಕೆ ಶುರು. ಅರ್ಥ್ ಸರಿಯಾಗಿದ್ದು ಆರ್‌ಸಿಸಿಬಿ ಇದ್ರೆ ಟ್ರಿಪ್ ಆಗುತ್ತೆ. ಇಲ್ದಿದ್ರೆ ಮುಟ್ಟಿದವರಿಗೆ ಹೊಡೆಯುತ್ತೆ. ನಂದೂ ತಪ್ಪಿದೆ, ಒಪ್ಕೋತೀನಿ. ತಿಂಗಳಿಗೊಂದು ಸಲ ನಿಂಬೆ ಉಪ್ಪಿನ ನೀರು ಹಾಕಿ ತೊಳೆದಿದ್ರೆ ಇನ್ನೂ ಕೆಲವು ವರ್ಷ ಬರ್ತಿತ್ತು.

ಅಂದ್ರೆ ಎಲಿಮೆಂಟ್ ಅನ್ನೋದು ಸವೆಯೋ ವಸ್ತು, ಸೈಕಲ್ ಟ್ಯೂಬ್ ಇದ್ದ ಹಾಗೆ. ಟ್ಯೂಬ್ ಪಂಕ್ಚರ್ ಆಯ್ತು ಅಂತ ಹೋದ್ರೆ "ಟ್ಯೂಬ್ ಮಾರಲ್ಲ, ನಿಮ್ಮ ಸುರಕ್ಷತೆಗೋಸ್ಕರ ಚಕ್ರ, ಫೋರ್ಕ್, ಹ್ಯಾಂಡಲ್ ಎಲ್ಲಾ ಒಟ್ಟಿಗೆ ತಗೊಳ್ಳಿ" ಅಂದ್ರೆ ಸೈಕಲ್ ಶಾಪಿನವನನ್ನ ನಾವು ಸುಮ್ಮನೆ ಬಿಡ್ತೀವಾ?

ಸೇಫ್ಟಿ ವಿಷಯಕ್ಕೆ ಬರೋಣ. ಇದೇ ದೇಶದಲ್ಲಿ ಕೆಲವೇ ನೂರು ರೂಪಾಯಿಗೆ ಇಮ್ಮರ್ಶನ್ ರಾಡ್ ಸಿಗುತ್ತೆ. ಅದೂ ಎಲಿಮೆಂಟೇ. ಅದನ್ನ ಬಕೆಟ್ಟಿಗೆ ನೇತು ಹಾಕಿ, ಒದ್ದೆ ಬಚ್ಚಲಲ್ಲಿ, ಬರಿಗಾಲಲ್ಲಿ ನಿಂತು, ಕಾದಿದೆಯಾ ಅಂತ ಬೆರಳು ಅದ್ದಿ ನೋಡೋರು ಎಷ್ಟು ಜನ! ನಾನೂ ಹಾಸ್ಟೆಲ್‌ನಲ್ಲಿ ನಾಲ್ಕು ವರ್ಷ ಹಾಗೇ ಸ್ನಾನ ಮಾಡಿದ್ದು. ಅದನ್ನ ಮಾರೋವಾಗ ಯಾರಿಗೂ ನಮ್ಮ ಸುರಕ್ಷತೆ ನೆನಪಾಗಲ್ಲ. ಕಬ್ಬಿಣದ ಡಬ್ಬದೊಳಗೆ, ಅರ್ಥ್ ಹಾಕಿ, ಥರ್ಮಲ್ ಫ್ಯೂಸ್ ಕೂರಿಸಿ ಭದ್ರ ಮಾಡಿರೋ ಎಲಿಮೆಂಟ್ ಬದಲಿಸ್ತೀನಿ ಅಂದಾಗ ಮಾತ್ರ ಕಕ್ಕುಲಾತಿ ಉಕ್ಕಿ ಬರುತ್ತೆ.

ಅಪಾಯ ಇಲ್ಲ ಅಂತ ನಾನು ಹೇಳ್ತಿಲ್ಲ. 230 ವೋಲ್ಟ್, ನೀರು, ಒತ್ತಡ, ಮೂರೂ ಒಂದೇ ಕಡೆ ಇದೆ. ಆದ್ರೆ ಅಪಾಯ ಇರೋ ಕಡೆ ಮಾಡಬೇಕಾದ್ದು ಸರಿಯಾದ ಭಾಗ ಮಾರೋದು, ಸರಿಯಾದ ನಕ್ಷೆ ಕೊಡೋದು. ಎರಡೂ ಕೊಡದೇ ಇದ್ರೆ ಜನ ಏನು ಮಾಡ್ತಾರೆ ಗೊತ್ತಾ? ಥರ್ಮಲ್ ಫ್ಯೂಸ್ ಸುಟ್ಟಿದ್ರೆ ಎರಡು ತಂತಿ ಸೇರಿಸಿ ಟೇಪ್ ಸುತ್ತಿ ಬಿಡ್ತಾರೆ. ಮೆಷಿನ್ ಓಡುತ್ತೆ. ಒಂದು ದಿನ ಬಾಯ್ಲರಲ್ಲಿ ನೀರಿಲ್ಲದೆ ಥರ್ಮೋಸ್ಟಾಟ್ ಅಂಟಿಕೊಂಡ್ರೆ ನಿಲ್ಲಿಸೋಕೆ ಏನೂ ಇರಲ್ಲ, ಅಡುಗೆಮನೆಗೇ ಬೆಂಕಿ. ಇಪ್ಪತ್ತು ಮೂವತ್ತು ರೂಪಾಯಿಯ ಫ್ಯೂಸಿನ ನಂಬರು ಮ್ಯಾನ್ಯುಯಲ್‌ನಲ್ಲಿ ಹಾಕಿದ್ರೆ ಇದು ತಪ್ಪುತ್ತೆ. ಮಾಹಿತಿ ಮುಚ್ಚಿಡೋದನ್ನ ಸುರಕ್ಷತೆ ಅಂತ ಹೇಗೆ ಕರೀತಾರೋ!

ಸರಿ, ನಾನೇ ಬಿಚ್ಚಿದೆ. ಪ್ಲಗ್ ಕಿತ್ತು, ಒಂದು ರಾತ್ರಿ ಪೂರ್ತಿ ತಣ್ಣಗಾಗೋಕೆ ಬಿಟ್ಟು, ತಂತಿ ತಂತಿಗೂ ಫೋಟೋ ತೆಗೆದು. (ಫೋಟೋ ತೆಗೆಯದೆ ಬಿಚ್ಚಬೇಡಿ. ಆಮೇಲೆ ಎಲ್ಲಾ ಬಿಳಿ ತಂತಿನೂ ಒಂದೇ ಥರ ಕಾಣುತ್ತೆ.) ಮೆಷಿನ್ ಮೇಲೆ 1300 ವ್ಯಾಟ್ ಅಂತ ಬರೆದಿದೆ. 230ರ ವರ್ಗವನ್ನ 1300ರಿಂದ ಭಾಗಿಸಿದ್ರೆ ಸುಮಾರು 41 ಓಮ್. ಎಲಿಮೆಂಟಿನ ಎರಡು ತುದಿಗೆ ಮಲ್ಟಿಮೀಟರ್ ಹಿಡಿದ್ರೆ ಸರಿಯಾಗಿ 41. ಅಂದ್ರೆ ತಂತಿ ತುಂಡಾಗಿಲ್ಲ. ಒಂದು ತುದಿಯಿಂದ ಬಾಯ್ಲರ್ ಮೈಗೆ ಹಿಡಿದೆ. ಅಲ್ಲಿ ಏನೂ ತೋರಿಸಬಾರದು, ತೋರಿಸಿದ್ದು ನಾಲ್ಕು ಕಿಲೋಓಮ್. 230 ಭಾಗಿಸು 4000, ಐವತ್ತೇಳು ಮಿಲಿಆಂಪ್. ಮನೆಯ ಆರ್‌ಸಿಸಿಬಿ ಬೀಳೋದು ಮೂವತ್ತಕ್ಕೆ. ಕಳ್ಳ ಸಿಕ್ಕಿಬಿದ್ದ.

ನಾಲ್ಕು ಅಲೆನ್ ಸ್ಕ್ರೂ ತೆಗೆದ್ರೆ ಬಾಯ್ಲರ್ ಎರಡು ಹೋಳಾಗುತ್ತೆ. ಎಲಿಮೆಂಟ್ ಮೇಲಿನ ಮುಚ್ಚಳಕ್ಕೆ ಎರಡೇ ಎರಡು ನಟ್ಟಿನಲ್ಲಿ ಕೂತಿದೆ. ಎರಡು ನಟ್ಟು! ಬದಲಿಸೋಕೆ ಅಂತಲೇ ಮಾಡಿರೋ ಡಿಸೈನ್ ಅದು. ಅದನ್ನ ಬಿಡಿಸಿದ ಇಂಜಿನಿಯರ್ ಪುಣ್ಯಾತ್ಮ ಸರಿಯಾಗೇ ಯೋಚಿಸಿದ್ದಾನೆ. ಬಿಡಿಭಾಗ ಮಾರಬಾರದು ಅಂತ ಆಮೇಲೆ ತೀರ್ಮಾನ ಮಾಡಿದ್ದು ಇನ್ಯಾರೋ, ಎಕ್ಸೆಲ್ ಶೀಟ್ ಮುಂದೆ ಕೂತವರು. (ಕೆಲವು ಮೆಷಿನ್‌ಗಳಲ್ಲಿ ಎಲಿಮೆಂಟನ್ನ ಅಲ್ಯುಮಿನಿಯಂ ಒಳಗೇ ಎರಕ ಹೊಯ್ದಿರ್ತಾರೆ. ಅದನ್ನ ಬೇರೆ ಮಾಡೋಕಾಗಲ್ಲ, ಕೈ ಹಾಕಬೇಡಿ.)

ಎಲಿಮೆಂಟ್ ಹಿಡ್ಕೊಂಡು ಬೆಂಗಳೂರಿನ ಎಸ್.ಪಿ. ರೋಡ್ ಪೂರ್ತಿ ಸುತ್ತಿದೆ. ಸಿಗಲಿಲ್ಲ. ವಾಪಸ್ ಬಂದು, ನಮ್ಮೂರಲ್ಲೇ ಮೋಟಾರ್ ವೈಂಡಿಂಗ್ ಮಾಡೋರ ಅಂಗಡಿಗೆ ಹೋದೆ. ಅಂಗಡಿ ತುಂಬಾ ಬೋರ್‌ವೆಲ್ ಮೋಟಾರು, ತಾಮ್ರದ ತಂತಿ, ವಾರ್ನಿಶ್ ವಾಸನೆ. ಅವರು ಎಲಿಮೆಂಟನ್ನ ತಿರುಗಿಸಿ ತಿರುಗಿಸಿ ನೋಡಿದ್ರು. "ಇದೇನ್ ಸಾಮಿ, ಗೀಜರ್ ಕಾಯ್ಲ್ ಮರಿ ಇದ್ದಂಗೈತೆ" ಅಂದ್ರು. ದಾರ ಹಿಡಿದು ಸುತ್ತಳತೆ, ವರ್ನಿಯರ್ ಹಿಡಿದು ದಪ್ಪ, ಎಲ್ಲಾ ಒಂದು ಬೀಡಿ ಪ್ಯಾಕೆಟ್ ಹಿಂದೆ ಬರೆದುಕೊಂಡ್ರು. ಪೀಣ್ಯದಲ್ಲಿ ಅಳತೆಗೆ ತಕ್ಕ ಹಾಗೆ ಹೀಟರ್ ಬಗ್ಗಿಸಿ ಕೊಡೋ ಸಣ್ಣ ವರ್ಕ್‌ಶಾಪ್ ಒಂದಕ್ಕೆ ಫೋನ್ ಹಚ್ಚಿದ್ರು. ಕುಡಿಯೋ ನೀರಿಗೆ ಅಂತ ಒತ್ತಿ ಹೇಳಿ 316 ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಹಾಕಿಸಿದೆ. ಕನಿಷ್ಠ ಎರಡು ಪೀಸ್ ತಗೋಬೇಕು, ಒಂದಕ್ಕೆ ಎಂಟುನೂರೈವತ್ತು. ಹತ್ತು ದಿನದಲ್ಲಿ ಬಂತು.

ಹಾಕೋಕೆ ಮುಂಚೆ ಅವರು ಕೇಳಿದ ಪ್ರಶ್ನೆ: "ಮೆಗ್ಗರ್ ಹಾಕಿದ್ರಾ?" ನಾಚಿಕೆ ಆಯ್ತು. ಮಲ್ಟಿಮೀಟರ್ ಪರೀಕ್ಷೆ ಮಾಡೋದು ಪುಟಾಣಿ ಬ್ಯಾಟರಿ ವೋಲ್ಟೇಜಿನಲ್ಲಿ. ಅಲ್ಲಿ ಸರಿ ಕಂಡ ಇನ್ಸುಲೇಶನ್ 230 ವೋಲ್ಟಿಗೆ ಕೈ ಕೊಡಬಹುದು. ಅದಕ್ಕೇ 500 ವೋಲ್ಟ್ ಹಾಕಿ ಅಳೆಯೋ ಮೆಗ್ಗರ್ ಬೇಕು. ಪರೀಕ್ಷೆಯಲ್ಲಿ ಮೆಗ್ಗರ್ ಬಗ್ಗೆ ಚಿತ್ರ ಸಮೇತ ಬರೆದು ಮಾರ್ಕ್ಸ್ ತಗೊಂಡೋನು ನಾನು. ಅದನ್ನ ಕೈಯಲ್ಲಿ ತಿರುಗಿಸಿದ್ದು ಆವತ್ತೇ ಮೊದಲು. ಇಪ್ಪತ್ತು ಮೆಗಾಓಮ್‌ಗಿಂತ ಮೇಲೆ ಹೋಯ್ತು. "ಈಗ ಹಾಕಳಿ" ಅಂದ್ರು.

ಹೊಸ ಸಿಲಿಕೋನ್ ಓ-ರಿಂಗ್ ನಲವತ್ತು ರೂಪಾಯಿ. ಸ್ಕ್ರೂಗಳನ್ನ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆ. ಅರ್ಥ್ ತಂತಿಯನ್ನ ಮೊದಲು ಹಾಕಿದೆ. ತುದಿಗಳಿಗೆ ಸಾಲ್ಡರ್ ಹಾಕಲಿಲ್ಲ. ಮಾಮೂಲಿ ತವರ-ಸೀಸದ ಸಾಲ್ಡರ್ 180 ಡಿಗ್ರಿ ಹತ್ತಿರ ಕರಗುತ್ತೆ, ಅಲ್ಲಿ ಕ್ರಿಂಪ್ ಲಗ್ಗೇ ಬೇಕು. ಬಾಯ್ಲರಿಗೆ ನೀರು ತುಂಬಿ, ದೂರ ನಿಂತು ಸ್ವಿಚ್ ಹಾಕಿದೆ. ಲೈಟು ಹೋಗಲಿಲ್ಲ. ಮೂರು ನಿಮಿಷಕ್ಕೆ ಸಣ್ಣಗೆ ಸೀಟಿ ಹೊಡೆಯೋ ಸದ್ದು ಬಂತು. ಅಮ್ಮ ಬಾಗಿಲ ಹತ್ರಾನೇ ನಿಂತಿದ್ರು, ಒಳಗೆ ಬರಲಿಲ್ಲ.

ಬೆಂಗಳೂರಿನ ಗೆಳೆಯರಿಗೆ ಹೇಳಿದ್ರೆ ಎಲ್ಲರದ್ದೂ ಒಂದೇ ರಾಗ. "ನಿನ್ನ ಒಂದು ಗಂಟೆಗೆ ಎಷ್ಟು ಸಂಬಳ ಬೀಳುತ್ತೆ? ಎಷ್ಟು ಗಂಟೆ ಹಾಳು ಮಾಡಿದೆ? ಹೊಸದೇ ಬರ್ತಿತ್ತಲ್ಲ." ಈ ಲೆಕ್ಕ ಕೇಳಿದಾಗೆಲ್ಲ ಮೈ ಉರಿಯುತ್ತೆ. ಭಾನುವಾರ ಮಧ್ಯಾಹ್ನ ರೀಲ್ಸ್ ನೋಡ್ತಾ ಮಲಗಿರೋವಾಗ ಗಂಟೆಗೆ ಎಷ್ಟು ಅಂತ ಯಾರೂ ಲೆಕ್ಕ ಹಾಕಲ್ಲ. ಹೇಗೂ ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ್ದೀವಿ, ಓಮ್ ನಿಯಮ ಬರುತ್ತೆ. ಅದನ್ನ ಜೀವನದಲ್ಲಿ ಒಂದು ಸಲವಾದ್ರೂ ಉಪಯೋಗಿಸಿದ್ರೆ ತಪ್ಪೇನು? ಕಂಪನಿಗಳಿಗೆ ಧೈರ್ಯ ಬಂದಿರೋದೇ ನಮ್ಮಂಥವರಿಂದ. ಕೆಟ್ಟರೆ ಬಿಸಾಕ್ತಾರೆ, ಹೊಸದು ತಗೋತಾರೆ ಅಂತ ಅವರಿಗೆ ಚೆನ್ನಾಗಿ ಗೊತ್ತು.

ನಮ್ಮ ತಾಲ್ಲೂಕಿನ ರೈತ ಹೀಗಲ್ಲ. ವೋಲ್ಟೇಜ್ ಕಮ್ಮಿಯಾಗಿ ಮೋಟಾರ್ ಸುಟ್ಟರೆ ಬೋರಿನಿಂದ ಎತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸ್ತಾನೆ. ಅದೇ ಮೋಟಾರು ಎಷ್ಟೋ ಸಲ ವೈಂಡಿಂಗ್ ಆಗುತ್ತೆ. ಅದೂ ಕರೆಂಟೇ, ಅದೂ ನೀರೇ, ಮೂರು ಫೇಸ್ ಬೇರೆ. ತೆಂಗು ಅಡಿಕೆ ಒಣಗೋ ಹೊತ್ತಿನಲ್ಲಿ ಯಾರಾದ್ರೂ ಬಂದು "ನಿಮ್ಮ ಸುರಕ್ಷತೆಗಾಗಿ ಹೊಸ ಪಂಪೇ ತಗೊಳ್ಳಿ" ಅಂದ್ರೆ ತೋಟದಿಂದ ಓಡಿಸ್ತಾರೆ.

ತುಮಕೂರಲ್ಲಿ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಇತ್ತು. ಎಚ್‌ಎಂಟಿ ವಾಚಸ್ ಕಂಪನಿಯನ್ನೇ 2016ರಲ್ಲಿ ಮುಚ್ಚೋಕೆ ಕೇಂದ್ರ ಸರ್ಕಾರ ತೀರ್ಮಾನ ಮಾಡಿತು. ಕಂಪನಿ ಹೋಯ್ತು, ಅಪ್ಪನ ಕೀ ಕೊಡೋ ವಾಚು ಇವತ್ತಿಗೂ ನಡೀತಿದೆ, ಯಾಕಂದ್ರೆ ಹಿಂದಿನ ಮುಚ್ಚಳ ಬಿಚ್ಚೋಕೆ ಬರುತ್ತೆ, ಒಳಗೇನಿದೆ ಅಂತ ಮೆಕ್ಯಾನಿಕ್‌ಗೆ ಗೊತ್ತು. ನನ್ನ ಮೆಷಿನ್ ಕಂಪನಿ ಬದುಕೇ ಇದೆ, ಆದ್ರೂ ಅವರ ಪ್ರಕಾರ ಮೆಷಿನ್ ಸತ್ತಿದೆ. ಇದೇ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತು. ಹೆಲಿಕಾಪ್ಟರಿನ ಒಂದೊಂದು ಭಾಗಕ್ಕೂ ನಂಬರು ಇರುತ್ತೆ, ಹೇಗೆ ಬಿಚ್ಚಬೇಕು ಅನ್ನೋ ಪುಸ್ತಕ ಇರುತ್ತೆ. ಕಾಫಿ ಮೆಷಿನ್ ಅದಕ್ಕಿಂತ ದೊಡ್ಡ ರಹಸ್ಯವಾ?

ಸರ್ಕಾರಕ್ಕೆ ಇದು ಗೊತ್ತಿಲ್ಲ ಅಂತಲ್ಲ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ "ರೈಟ್ ಟು ರಿಪೇರ್" ಬಗ್ಗೆ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ಕ್ಕೆ ಒಂದು ಪೋರ್ಟಲ್ಲೂ ಬಂತು. ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ವಿಭಾಗ. ಪೋರ್ಟಲ್‌ನಲ್ಲಿ ಕಂಪನಿಯ ಕಸ್ಟಮರ್ ಕೇರ್ ನಂಬರು ಸಿಕ್ಕಿದ್ರೆ ನನಗೇನು ಉಪಯೋಗ? ಆ ನಂಬರ್ ನನ್ನ ಹತ್ರ ಇದೆ, ಆ ಸಂಗೀತವೂ ಬಾಯಿಪಾಠ ಆಗಿದೆ. ಯುರೋಪಿನವರು 2024ರಲ್ಲಿ ಕಾನೂನೇ ಮಾಡಿದ್ರು, ಬಿಡಿಭಾಗವನ್ನ ನ್ಯಾಯವಾದ ಬೆಲೆಗೆ ಕೊಡಬೇಕು, ರಿಪೇರಿಗೆ ಅಡ್ಡಗಾಲು ಹಾಕಬಾರದು ಅಂತ. ಅವರ ಪಟ್ಟಿಯಲ್ಲೂ ವಾಷಿಂಗ್ ಮೆಷಿನ್, ಫ್ರಿಜ್, ಮೊಬೈಲ್ ಇದೆ, ಕಾಫಿ ಮೆಷಿನ್ ಬಿಟ್ಟು ಹೋಗಿದೆ.

ನಾನು ಕೇಳ್ತಿರೋದು ದೊಡ್ಡದೇನಲ್ಲ. ಎಲಿಮೆಂಟು, ಥರ್ಮಲ್ ಫ್ಯೂಸು, ಥರ್ಮೋಸ್ಟಾಟು, ರಬ್ಬರ್ ರಿಂಗು, ಈ ನಾಲ್ಕನ್ನ ಬಿಡಿಯಾಗಿ ಮಾರಿ. ಒಂದು ಹಾಳೆಯ ವೈರಿಂಗ್ ನಕ್ಷೆಯನ್ನ ಡಬ್ಬದಲ್ಲಿ ಹಾಕಿ. ಮೆಗ್ಗರ್ ಇಲ್ಲದೆ ಹಾಕಬೇಡಿ ಅಂತ ದಪ್ಪಕ್ಷರದಲ್ಲಿ ಬರೀರಿ, ಬೇಡ ಅನ್ನಲ್ಲ. ಭಯ ಇರೋರು ನಿಮ್ಮ ಹತ್ರಾನೇ ಬರ್ತಾರೆ, ಇಲ್ಲ ವೈಂಡಿಂಗ್ ಅಂಗಡಿಗೆ ಹೋಗ್ತಾರೆ.

ಎರಡನೇ ಎಲಿಮೆಂಟ್ ಬೀರುವಿನಲ್ಲಿದೆ. ಹಳೇದನ್ನ ಗುಜರಿಗೆ ಹಾಕೋಣ ಅಂತಿದ್ದೆ, ವೈಂಡಿಂಗ್ ಅಂಗಡಿಯವರು ಇಸ್ಕೊಂಡು ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದಾರೆ. ಇಂಥದ್ದೇ ಇನ್ಯಾರಾದ್ರೂ ತಂದ್ರೆ ಅಳತೆಗೆ ಇರಲಿ ಅಂತ. ಗುಬ್ಬೀಲಿ ಯಾರು ತರ್ತಾರೆ ಅಂದೆ. "ನೀವು ತಂದ್ರಲ್ಲ" ಅಂದ್ರು.